ಲ್ಯಾನ್ ಕೇಬಲ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವುದು, ಸರಿಯಾದ ಕೇಬಲ್ ಆರಿಸುವುದು

ಅಂಗಡಿಗೆ ಹೋಗಿ "ನೆಟ್ ಸ್ಲೋ ಇದೆ, ಒಳ್ಳೇ ಕೇಬಲ್ ಕೊಡಿ" ಅಂದರೆ ಬಹಳ ಸಲ ಕೈಗೆ ಬರುವುದು ಕ್ಯಾಟ್ 8, ಅಂದರೆ ಕೇಬಲ್ ದರ್ಜೆಗಳಲ್ಲಿ ದೊಡ್ಡ ನಂಬರಿನದು. ದುಡ್ಡು ಹೋಗುತ್ತದೆ, ಸ್ಪೀಡ್ ಇದ್ದಲ್ಲೇ ಇರುತ್ತದೆ. ಮನೆಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಕೇಬಲ್ ತೊಂದರೆ ಕೊಡುವುದು ಅದರ ಮೈಮೇಲಿನ ನಂಬರ್ ಚಿಕ್ಕದಾಯಿತು ಅಂತಲ್ಲ. ತುದಿಯ ಕನೆಕ್ಟರ್ ಸರಿಯಾಗಿ ಕ್ರಿಂಪ್ ಆಗಿರುವುದಿಲ್ಲ (ಪಿನ್‌ಗಳು ತಂತಿಗೆ ಕಚ್ಚುವ ಹಾಗೆ ಅದುಮಿರುವುದಿಲ್ಲ), ಒಳಗಿನ ತಂತಿ ತಾಮ್ರದ್ದಾಗಿರುವುದಿಲ್ಲ, ಇಲ್ಲವೇ ಎಳೆದ ದಾರಿಯೇ ತಪ್ಪಾಗಿರುತ್ತದೆ. ನಂಬರ್ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಕೆಲಸ ಶುರು ಮಾಡುವ ಮುಂಚೆ ಮೂರು ಎಚ್ಚರಿಕೆ. ಲ್ಯಾನ್ ಕೇಬಲ್ ಮತ್ತು 230 ವೋಲ್ಟ್ ಕರೆಂಟ್ ವೈರ್ ಒಂದೇ ಪೈಪಿನಲ್ಲಿ ಹೋಗಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಎಳೆಯಬೇಡಿ, ಕತ್ತರಿಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಗುಡುಗು ಮಿಂಚು ಇರುವಾಗ ಹೊರಗಿನಿಂದ ಬಂದ ಕೇಬಲ್ ಮುಟ್ಟಬೇಡಿ. ಫೈಬರ್ ಡಬ್ಬಿಯ ಹಸಿರು ಕನೆಕ್ಟರ್ ಬಿಚ್ಚಿ ಅದರ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾಗಂತ ಇಲ್ಲ ಎಂದಲ್ಲ.

ಸ್ಪೀಡ್ 90–95ಕ್ಕೆ ಬಂದು ನಿಂತುಬಿಡುತ್ತದೆ

ತುಂಬಾ ಜನ ಹೇಳುವ ದೂರು ಇದು. 300 ಎಂಬಿಪಿಎಸ್ ಪ್ಲಾನ್ ಇದೆ, ರೂಟರ್ ಪಕ್ಕ ನಿಂತರೆ ವೈಫೈನಲ್ಲಿ 250 ಬರುತ್ತದೆ, ಕೇಬಲ್ ಹಾಕಿದ ಕಂಪ್ಯೂಟರ್‌ನಲ್ಲಿ ಮಾತ್ರ 94. ಎಷ್ಟು ಸಲ ಟೆಸ್ಟ್ ಮಾಡಿದರೂ 94. ಹೀಗೆ ಗೆರೆ ಎಳೆದ ಹಾಗೆ ನಿಲ್ಲುವುದೇ ಸುಳಿವು. ನೆಟ್ ಕಂಪನಿಯ ಕಡೆ ತೊಂದರೆ ಇದ್ದರೆ ಒಮ್ಮೆ 60, ಒಮ್ಮೆ 180 ಅಂತ ಮೇಲೆ ಕೆಳಗೆ ಆಗುತ್ತದೆ. ಸದಾ 95ರ ಆಸುಪಾಸು ಅಂದರೆ ಲಿಂಕ್, ಅಂದರೆ ಕೇಬಲ್‌ನ ಎರಡು ತುದಿಯ ಉಪಕರಣಗಳ ನಡುವಿನ ಸಂಪರ್ಕ, 100 ಎಂಬಿಪಿಎಸ್‌ಗೆ ಇಳಿದಿದೆ ಎಂದೇ ಅರ್ಥ. 100ರ ಲಿಂಕ್‌ನಲ್ಲಿ ಮೇಲ್ಖರ್ಚು ಕಳೆದು ಕೈಗೆ ಸಿಗುವುದು ಅಷ್ಟೇ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ರೂಪಾಯಿಯೂ ಬೇಡ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್, ಆಮೇಲೆ ಈಥರ್ನೆಟ್ ಒತ್ತಿ. ಕೆಳಗೆ ಲಿಂಕ್ ಸ್ಪೀಡ್ ಎಂದು ಇರುತ್ತದೆ. 1000/1000 ಇದ್ದರೆ ಈ ದೂರಿಗೆ ಕೇಬಲ್ ಮೇಲೆ ಅನುಮಾನ ಬೇಡ, ತೊಂದರೆ ಬೇರೆ ಕಡೆ ಇದೆ. 100/100 ಇದ್ದರೆ ಮುಂದೆ ಓದಿ.

ಕೇಬಲನ್ನು ಬೈಯುವ ಮುಂಚೆ ಎರಡೂ ತುದಿಯ ಪೋರ್ಟ್ ನೋಡಿ. ಅಗ್ಗದ ರೂಟರ್‌ಗಳಲ್ಲಿ ಎಲ್ಲ ಪೋರ್ಟೂ 100ರವೇ. ಕೆಲವು ಫೈಬರ್ ಡಬ್ಬಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ (1000 ಎಂಬಿಪಿಎಸ್), ಉಳಿದವು 100. ಸ್ಮಾರ್ಟ್ ಟಿವಿಗಳಲ್ಲೂ ಹೆಚ್ಚಿನವಕ್ಕೆ 100ರ ಪೋರ್ಟೇ ಇರುವುದು. ಟಿವಿಯಲ್ಲಿ 94 ಬಂದರೆ ಸುಮ್ನೆ ಬಿಡಿ, 4ಕೆ ಸಿನಿಮಾಕ್ಕೆ 25 ಸಾಕು. ಲ್ಯಾಪ್‌ಟಾಪ್‌ಗೆ ಹಾಕುವ ಯುಎಸ್‌ಬಿ ಅಡಾಪ್ಟರ್ ಅಗ್ಗದ್ದಾದರೆ ಅದೂ 100ರದ್ದೇ ಇರಬಹುದು.

ಪೋರ್ಟ್‌ಗಳು ಗಿಗಾಬಿಟ್ ಆಗಿದ್ದೂ ಲಿಂಕ್ 100 ತೋರಿಸಿದರೆ ಈಗ ಕೇಬಲ್ ಸರದಿ. ಅದರಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್‌ಗಳ ಎರಡೇ ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಜೋಡಿಯಲ್ಲೋ ಬ್ರೌನ್ ಜೋಡಿಯಲ್ಲೋ ಒಂದೇ ಒಂದು ತಂತಿ ಕಡಿದಿದ್ದರೂ ಲಿಂಕ್ 100ಕ್ಕೆ ಇಳಿಯುತ್ತದೆ. ನೆಟ್ ನಡೆಯುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ಕಡೆ ಯಾವ ತಂತಿಯೂ ಕಡಿದಿರುವುದಿಲ್ಲ. ಹಾಕಿದವರೇ ನಾಲ್ಕು ತಂತಿ ಮಾತ್ರ ಕ್ರಿಂಪ್ ಮಾಡಿ, ಉಳಿದ ನಾಲ್ಕರಲ್ಲಿ ಕ್ಯಾಮೆರಾಕ್ಕೆ 12 ವೋಲ್ಟ್ ಕಳಿಸಿರುತ್ತಾರೆ. ಹಾಗಿದ್ದರೆ ಎಂಟೂ ತಂತಿ ಹಾಕಿ ಹೊಸದಾಗಿ ಕ್ರಿಂಪ್ ಮಾಡುವ ಮುಂಚೆ ಆ 12 ವೋಲ್ಟ್ ಎಲ್ಲಿಂದ ಬರುತ್ತಿದೆ ನೋಡಿ, ಅದನ್ನು ಬಿಚ್ಚಿ. ಇಲ್ಲದಿದ್ದರೆ ಪೋರ್ಟ್ ಸುಡಬಹುದು.

ಈಗ ಕನೆಕ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಎಂಟು ಚಿನ್ನದ ಬಣ್ಣದ ಪಿನ್‌ಗಳು ಒಂದೇ ಮಟ್ಟದಲ್ಲಿ ಒಳಗೆ ಕೂತಿರಬೇಕು. ಒಂದು ಸ್ವಲ್ಪ ಎದ್ದು ನಿಂತಿದ್ದರೆ ಅದು ತಂತಿಗೆ ಕಚ್ಚಿಲ್ಲ. ಮುಂದಿನ ತುದಿಯಿಂದ ನೋಡಿದರೆ ಎಂಟೂ ತಂತಿಯ ಮೂತಿ ಗೋಡೆಗೆ ತಾಗಿರುವುದು ಕಾಣಬೇಕು. ಹಿಂದಿನಿಂದ ನೋಡಿದರೆ ಕೇಬಲ್‌ನ ಹೊರ ಸಿಪ್ಪೆ ಕನೆಕ್ಟರ್ ಒಳಗೆ ಹೋಗಿ ಅದುಮಿಸಿಕೊಂಡಿರಬೇಕು. ಬಣ್ಣದ ತಂತಿಗಳು ಕನೆಕ್ಟರ್ ಹೊರಗೆ ಬೋಳಾಗಿ ಕಂಡರೆ ಎಳೆತವೆಲ್ಲ ಆ ಸಣ್ಣ ತಂತಿಗಳ ಮೇಲೆಯೇ ಬೀಳುತ್ತದೆ. ಇಂದಲ್ಲ ನಾಳೆ ಒಂದು ಕಡಿಯುತ್ತದೆ.

ಮನೆಯಲ್ಲಿ ಇನ್ನೊಂದು ಚೆನ್ನಾಗಿರುವ ಕೇಬಲ್ ಇದ್ದರೆ ಅದನ್ನು ಹಾಕಿ ನೋಡಿ. ಲಿಂಕ್ 1000ಕ್ಕೆ ಏರಿದರೆ ಅಪರಾಧಿ ಸಿಕ್ಕಿತು. ಎರಡು ಮೀಟರ್ ಉದ್ದದ ರೆಡಿಮೇಡ್ ಕೇಬಲ್ ಹಾಳಾದರೆ ರಿಪೇರಿಗೆ ಕೂರಬೇಡಿ, ಎಸೆಯಿರಿ. ಗೋಡೆಯೊಳಗಿನ ಉದ್ದದ ಕೇಬಲ್ ಆದರೆ ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಬಹಳಷ್ಟು ಕಡೆ ಅಲ್ಲಿಗೇ ಸರಿಹೋಗುತ್ತದೆ.

ಪೋರ್ಟ್‌ನಲ್ಲಿ ಲೈಟೇ ಹತ್ತುವುದಿಲ್ಲ

ಮೊದಲು ಕ್ಲಿಪ್. ಆ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಕನೆಕ್ಟರ್ ಒಳಗೆ ಕೂತ ಹಾಗೆ ಕಂಡರೂ ಅರ್ಧ ಮಿಲಿಮೀಟರ್ ಹಿಂದೆ ಸರಿದಿರುತ್ತದೆ. ಒತ್ತಿ ಹಿಡಿದಾಗ ಲೈಟ್ ಬಂದು, ಬಿಟ್ಟಾಗ ಹೋದರೆ ಅದೇ ಕಾರಣ. ಆಮೇಲೆ ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ಅಲ್ಲಿ ಹತ್ತಿದರೆ ಹಳೆಯ ಪೋರ್ಟ್ ಸತ್ತಿದೆ. ಸಿಡಿಲಿನ ಮಳೆ ಬಂದ ಮರುದಿನ ಹೀಗಾಗುವುದು ಜಾಸ್ತಿ.

ಎರಡೂ ಕಡೆ ಉಪಕರಣ ಸರಿ ಇದ್ದೂ ಹತ್ತದಿದ್ದರೆ ಸಣ್ಣ ಕೇಬಲ್ ಟೆಸ್ಟರ್ ತನ್ನಿ, ಎಂಟು ತಂತಿಯಲ್ಲಿ ಯಾವುದು ಕಡಿದಿದೆ ಎಂದು ಅದರ ಲೈಟ್‌ಗಳು ತೋರಿಸುತ್ತವೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ, ಬೇರೆ ಊರುಗಳಲ್ಲಿ ಸಿಸಿಟಿವಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಕೆಲವು ನೂರು ರೂಪಾಯಿಯ ವಸ್ತು. ಹಾಕುವ ಮುಂಚೆ ಕೇಬಲ್‌ನ ಎರಡೂ ತುದಿ ಉಪಕರಣದಿಂದ ಬಿಚ್ಚಿರಬೇಕು. ಪಿಒಇ ಸ್ವಿಚ್‌ಗೆ (ಹಲವು ಲ್ಯಾನ್ ಕೇಬಲ್ ಸೇರಿಸುವ, ಅದರಲ್ಲೇ ಕರೆಂಟನ್ನೂ ಕಳಿಸುವ ಪೆಟ್ಟಿಗೆ) ಸಿಕ್ಕಿಸಿದ ಕೇಬಲ್‌ಗೆ ಟೆಸ್ಟರ್ ಹಾಕಿದರೆ ಟೆಸ್ಟರೇ ಹೋಗಬಹುದು.

ಹಳಬರು ಒಂದು ಮಾತು ಹೇಳುತ್ತಾರೆ, ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಕ್ರಾಸ್ ಕೇಬಲ್ (ಎರಡು ತುದಿಯಲ್ಲಿ ತಂತಿಗಳ ಕ್ರಮ ಬೇರೆ ಬೇರೆ ಇರುವುದು) ಬೇಕು ಅಂತ. ಗಿಗಾಬಿಟ್ ಪೋರ್ಟ್‌ಗಳು ಅದನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಈಗ ಅದರ ಚಿಂತೆ ಬೇಡ.

ಕನೆಕ್ಷನ್ ಬಂದು ಹೋಗಿ ಮಾಡುತ್ತದೆ

ಮೀಟಿಂಗ್ ಮಧ್ಯೆ ಕಟ್ ಆಗುತ್ತದೆ, ಹತ್ತು ಸೆಕೆಂಡಿಗೆ ತಾನೇ ಬರುತ್ತದೆ. ಇಲ್ಲಿ ಮೊದಲು ತಿಳಿಯಬೇಕಾದ್ದು ತೊಂದರೆ ಮನೆಯೊಳಗೋ ಹೊರಗೋ ಅಂತ. ಕಂಪ್ಯೂಟರ್‌ನಿಂದ ರೂಟರ್ ವಿಳಾಸಕ್ಕೆ, ಹೆಚ್ಚಾಗಿ ಅದು 192.168.1.1 ಅಥವಾ 192.168.0.1, ಬಿಡದೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ಕೇಳುವ ಸಣ್ಣ ಸಂದೇಶ) ಹಾಕಿ ಇಡಿ. ನೆಟ್ ಕಟ್ ಆದ ಹೊತ್ತಿಗೆ ರೂಟರ್‌ನಿಂದಲೂ ಉತ್ತರ ನಿಂತರೆ ದೋಷ ನಿಮ್ಮ ಕೇಬಲ್‌ನಲ್ಲೋ ಪೋರ್ಟ್‌ನಲ್ಲೋ ಇದೆ. ರೂಟರ್ ಉತ್ತರ ಕೊಡುತ್ತಲೇ ಇದ್ದು ಇಂಟರ್ನೆಟ್ ಮಾತ್ರ ಹೋದರೆ ಕೇಬಲ್ ಬಿಡಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ.

ಪಿಂಗ್ ಓಡುತ್ತಿರುವಾಗಲೇ ಒಂದು ತುದಿಯ ಕನೆಕ್ಟರನ್ನು ಮೆಲ್ಲಗೆ ಅಲ್ಲಾಡಿಸಿ, ಆಮೇಲೆ ಇನ್ನೊಂದನ್ನು. ಯಾವುದನ್ನು ಅಲ್ಲಾಡಿಸಿದಾಗ ಉತ್ತರ ತಪ್ಪುತ್ತದೋ ಅಲ್ಲೇ ರೋಗ. ನಂತರ ಕೇಬಲ್ ದಾರಿ ಹಿಡಿದು ನಡೆಯಿರಿ. ಬಾಗಿಲ ಸಂದಿಯಲ್ಲಿ ಸಿಕ್ಕಿದೆಯೇ, ಮಂಚದ ಕಾಲಡಿ ಬಿದ್ದಿದೆಯೇ, ಮೂಲೆಯಲ್ಲಿ ಮಡಚಿದ ಹಾಗೆ ತಿರುಗಿದೆಯೇ. ಕೇಬಲ್ ದಪ್ಪದ ನಾಲ್ಕು ಪಟ್ಟು ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಹೆಂಚಿನ ಮನೆಯಾದರೆ ಅಟ್ಟ ಹತ್ತಿ ನೋಡಿ, ಇಲಿ ಕಡಿದಿರುವುದು ಅಪರೂಪವೇನಲ್ಲ. ಕರಾವಳಿಯಲ್ಲಿ ಉಪ್ಪುಗಾಳಿಗೆ ಪಿನ್ ಮೇಲೆ ಹಸಿರು ಕಿಲುಬು ಬಂದಿರುತ್ತದೆ. ಅದನ್ನು ಉಜ್ಜಿ ಚೊಕ್ಕ ಮಾಡಲು ಹೋಗಬೇಡಿ, ಕನೆಕ್ಟರನ್ನೇ ಬದಲಿಸಿ.

ಲೈಟ್ ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರಿ, ಲಿಂಕ್ ನಿಲ್ಲದೇ ಇದ್ದರೆ ಅದಕ್ಕೂ ಅರ್ಥ ಇದೆ. ಎರಡು ಉಪಕರಣಗಳು ಯಾವ ಸ್ಪೀಡಿನಲ್ಲಿ ಕೆಲಸ ಮಾಡೋಣ ಎಂದು ಮಾತಾಡಿಕೊಳ್ಳುವುದು ಮೊದಲ ಎರಡು ಜೋಡಿಯಲ್ಲೇ. ಅಲ್ಲಿ ಗಿಗಾಬಿಟ್ ಎಂದು ಒಪ್ಪಂದ ಆಗುತ್ತದೆ. ಉಳಿದ ಜೋಡಿ ಕಡಿದಿರುವುದರಿಂದ ಲಿಂಕ್ ಏಳುವುದಿಲ್ಲ. ಕೆಲವು ಉಪಕರಣಗಳು ತಾವೇ 100ಕ್ಕೆ ಇಳಿಯುತ್ತವೆ, ಕೆಲವು ಮತ್ತೆ ಮತ್ತೆ ಅದನ್ನೇ ಪ್ರಯತ್ನಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ 100ಕ್ಕೆ ಸ್ಪೀಡ್ ಕಟ್ಟಿಹಾಕಿದಾಗ ಲಿಂಕ್ ಗಟ್ಟಿ ನಿಂತರೆ ನೀಲಿ ಅಥವಾ ಬ್ರೌನ್ ಜೋಡಿ ಹೋಗಿದೆ ಎನ್ನಬಹುದು.

ಆಫೀಸಿನಲ್ಲಿ ಇಡೀ ನೆಟ್ ಒಮ್ಮೆಲೇ ಬಿದ್ದು, ಸ್ವಿಚ್‌ನ ಲೈಟೆಲ್ಲ ಹುಚ್ಚು ಹಿಡಿದ ಹಾಗೆ ಒಟ್ಟಿಗೆ ಮಿನುಗುತ್ತಿದ್ದರೆ ಅದು ಕೇಬಲ್ ದೋಷವಲ್ಲ. ಗುಡಿಸುವಾಗಲೋ ಟೇಬಲ್ ಸರಿಸುವಾಗಲೋ ಯಾರೋ ಬಿದ್ದಿದ್ದ ತುದಿಯನ್ನು ಅದೇ ಸ್ವಿಚ್‌ಗೆ ವಾಪಸ್ ಸಿಕ್ಕಿಸಿದ್ದಾರೆ. ಎರಡೂ ತುದಿ ಒಂದೇ ಸ್ವಿಚ್‌ನಲ್ಲಿರುವ ಕೇಬಲ್ ಹುಡುಕಿ ಒಂದನ್ನು ಕೀಳಿ.

ಟೆಸ್ಟರ್‌ನಲ್ಲಿ ಎಂಟೂ ಲೈಟ್ ಹತ್ತುತ್ತವೆ, ಆದರೂ ನೆಟ್ ಸರಿಯಿಲ್ಲ

ಇಲ್ಲಿ ಸ್ವಲ್ಪ ನಿಲ್ಲೋಣ. ಅರ್ಧಕ್ಕರ್ಧ ಜನ ದಾರಿ ತಪ್ಪುವುದು ಇಲ್ಲೇ.

"ಎರಡೂ ಕಡೆ ಒಂದೇ ಥರ ಬಣ್ಣ ಹಾಕಿದರೆ ಸಾಕು, ಯಾವ ಕ್ರಮವಾದರೇನು" ಎನ್ನುವ ಫಿಟ್ಟರ್‌ಗಳು ಬಹಳ ಇದ್ದಾರೆ. ಮಾತು ಕೇಳಲು ಸರಿ ಎನಿಸುತ್ತದೆ, ಅಲ್ವಾ? ಆರೆಂಜ್ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಬ್ರೌನ್ ಜೋಡಿ ಅಂತ ಸಾಲಾಗಿ ಹಾಕಿದರೆ ಒಂದರಿಂದ ಎಂಟರವರೆಗೆ ಟೆಸ್ಟರ್ ಲೈಟ್ ಚೆನ್ನಾಗಿಯೇ ಹತ್ತುತ್ತದೆ. ಆದರೆ ಪೋರ್ಟ್ ಕೇಳುವುದು ಬೇರೆ. ಅದಕ್ಕೆ 3 ಮತ್ತು 6ನೇ ಪಿನ್ ಒಂದೇ ಜೋಡಿಯಾಗಿರಬೇಕು, 4 ಮತ್ತು 5 ಇನ್ನೊಂದು ಜೋಡಿ.

ಜೋಡಿ ಏಕೆ ಮುಖ್ಯ? ಎರಡು ತಂತಿ ಜಡೆಯಂತೆ ಹೆಣೆದುಕೊಂಡಿರುವುದರಿಂದ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಆ ತುದಿಯ ಉಪಕರಣ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಓದುತ್ತದೆ, ಹಾಗಾಗಿ ಗದ್ದಲ ಕಳೆದುಹೋಗುತ್ತದೆ. ಸಾಲಾಗಿ ಹಾಕಿದಾಗ 3ಕ್ಕೆ ಹಸಿರು ಜೋಡಿಯ ತಂತಿ, 6ಕ್ಕೆ ನೀಲಿ ಜೋಡಿಯ ತಂತಿ ಬರುತ್ತದೆ. ಅವೆರಡೂ ಒಟ್ಟಿಗೆ ಹೆಣೆದಿಲ್ಲ. ಪಕ್ಕದ ಜೋಡಿಯ ಸಿಗ್ನಲ್ಲೇ ಇದರೊಳಗೆ ನುಗ್ಗುತ್ತದೆ. ಎರಡು ಮೀಟರ್ ಇದ್ದರೆ ಹೇಗೋ ನಡೆದೀತು, ಇಪ್ಪತ್ತು ಮೂವತ್ತು ಮೀಟರ್‌ಗೆ ಹೋದರೆ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ದಾರಿಯಲ್ಲೇ ಕಳೆದುಹೋಗತೊಡಗುತ್ತವೆ. ಅಗ್ಗದ ಟೆಸ್ಟರ್‌ಗೆ ತಂತಿ ತುದಿಯಿಂದ ತುದಿಗೆ ಹೋಗಿದೆಯೇ ಎನ್ನುವುದಷ್ಟೇ ಗೊತ್ತು. ಯಾವುದು ಯಾವುದರ ಜೊತೆ ಹೆಣೆದಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ನಿಮ್ಮ ಕಣ್ಣಿಗೆ ಕಾಣುತ್ತದೆ.

ಕನೆಕ್ಟರ್‌ನ ಕ್ಲಿಪ್ ಕೆಳಗೆ ಮಾಡಿ, ಪಿನ್ ಮೇಲೆ ಬರುವಂತೆ, ಕೇಬಲ್ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಎಡಗಡೆಯಿಂದ ಬರಬೇಕಾದ ಕ್ರಮ: ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಬ್ರೌನ್, ಬ್ರೌನ್. ಇದಕ್ಕೆ ಟಿ568ಬಿ ಎನ್ನುತ್ತಾರೆ. ಹಸಿರು ಜೋಡಿ ನೀಲಿ ಜೋಡಿಯನ್ನು ಅಪ್ಪಿಕೊಂಡ ಹಾಗೆ ಕಾಣುವುದೇ ಸರಿ. ಆರೆಂಜ್ ಮತ್ತು ಹಸಿರು ಜಾಗ ಬದಲಾದರೆ ಟಿ568ಎ, ಅದೂ ತಪ್ಪಲ್ಲ, ಎರಡೂ ತುದಿ ಒಂದೇ ಆಗಿರಲಿ. ಕ್ರಿಂಪ್ ಮಾಡುವಾಗ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಎರಡು ಇಂಚು ಬಿಚ್ಚಿ, ಇಸ್ತ್ರಿ ಮಾಡಿದ ಹಾಗೆ ನೇರ ಮಾಡಿ, ಕತ್ತರಿಸದೆ ಹಾಗೇ ಬಿಟ್ಟರೆ ಕ್ಯಾಟ್ 6 ಕೊಂಡ ಲಾಭವೆಲ್ಲ ಆ ಎರಡು ಇಂಚಿನಲ್ಲೇ ಹೋಗುತ್ತದೆ.

ಹಗಲು ಕ್ಯಾಮೆರಾ ಸರಿ, ಕತ್ತಲಾದರೆ ಆಫ್

ಪಿಒಇ ಅಂದರೆ ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ವ್ಯವಸ್ಥೆ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತುತ್ತದೆ, ಎಳೆಯುವ ಕರೆಂಟ್ ಏರುತ್ತದೆ. ಆ ಹೊತ್ತಿಗೇ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಿದ್ದರೆ ಕರೆಂಟ್ ಸಾಲುತ್ತಿಲ್ಲ.

ಮೊದಲು ಸ್ವಿಚ್ ಮೇಲಿನ ಲೆಕ್ಕ ನೋಡಿ. ಹಳೆಯ ಪಿಒಇ ಸ್ಟ್ಯಾಂಡರ್ಡ್ ಆದ 802.3ಎಎಫ್‌ನ ಪೋರ್ಟ್ ಕೊಡುವುದು 15.4 ವ್ಯಾಟ್, ಕ್ಯಾಮೆರಾಗೆ ತಲುಪುವ ಭರವಸೆ 12.95. ಅದರ ನಂತರದ 802.3ಎಟಿ ಆದರೆ 30 ಮತ್ತು 25.5. ಇದು ಪೋರ್ಟ್ ಲೆಕ್ಕ. ಇಡೀ ಸ್ವಿಚ್‌ಗೆ ಒಟ್ಟು ಮಿತಿಯೊಂದು ಬೇರೆ ಇರುತ್ತದೆ, ಅದು ಪೋರ್ಟ್‌ಗಳ ಮೊತ್ತಕ್ಕಿಂತ ಕಡಿಮೆ ಇರಬಹುದು. ಲೆಕ್ಕ ಸರಿ ಇದ್ದರೆ ಕ್ಯಾಮೆರಾ ಇಳಿಸಿ ತಂದು ಸ್ವಿಚ್ ಪಕ್ಕ ಎರಡು ಮೀಟರ್ ಕೇಬಲ್‌ನಲ್ಲಿ ಹಾಕಿ, ಲೆನ್ಸ್ ಪಕ್ಕದ ಬೆಳಕಿನ ಸೆನ್ಸರ್ ಮುಚ್ಚಿ ಕತ್ತಲು ಮಾಡಿ. ಅಲ್ಲಿ ಚೆನ್ನಾಗಿ ನಡೆದರೆ ಉದ್ದದ ಕೇಬಲ್‌ನ ದೋಷ.

ಈಗ ಅದರ ಒಂದು ತುಂಡು ಕತ್ತರಿಸಿ, ಒಂದು ತಂತಿಯ ಪ್ಲಾಸ್ಟಿಕ್ ತೆಗೆದು, ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಮೇಲೆ ಕೆಂಪು, ಒಳಗೆ ಬೆಳ್ಳಿ ಬಣ್ಣ ಬಂದರೆ ಅದು ಸಿಸಿಎ, ಅಂದರೆ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರಕ್ಕಿಂತ ಅದರ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗೂ ಜಾಸ್ತಿ. ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ, ಕೇಬಲ್ ಬಿಸಿಯಾಗುತ್ತದೆ. ನಾಲ್ಕಾರು ಸಲ ಬಗ್ಗಿಸಿದರೆ ಪಟ್ ಎಂದು ಮುರಿಯುತ್ತದೆ. ಕ್ಯಾಟ್ 6 ಎಂದು ಮೇಲೆ ದೊಡ್ಡದಾಗಿ ಅಚ್ಚಾಗಿದ್ದರೂ ಅಷ್ಟೇ, ಕೇಬಲ್ ಸ್ಟ್ಯಾಂಡರ್ಡ್‌ಗಳು ಸಿಸಿಎಯನ್ನು ಒಪ್ಪುವುದಿಲ್ಲ. ಮಧ್ಯೆ ಪ್ಲಸ್ ಆಕಾರದ ಪ್ಲಾಸ್ಟಿಕ್ ಇದೆ ಅಂತ ನಂಬಬೇಡಿ, ಸಿಸಿಎ ಕೇಬಲ್‌ಗೂ ಅದನ್ನು ಹಾಕುತ್ತಾರೆ. ಬೆಂಕಿ ಹಚ್ಚಿ ನೋಡುವ ಪರೀಕ್ಷೆ ಬೇಡ, ಸಿಪ್ಪೆಯ ಹೊಗೆ ಕೆಟ್ಟದ್ದು. ಬ್ಲೇಡು ಸಾಕು. ಸಿಸಿಎ ಸಿಕ್ಕಿದರೆ ತೆಗೆದುಹಾಕಿ, ಪಿಒಇ ನಡೆಸುತ್ತಿದ್ದರಂತೂ ಖಂಡಿತ.

ಒಂದು ಮಾತು: ಅಗ್ಗದ ಇಂಜೆಕ್ಟರ್‌ಗಳಲ್ಲಿ (ಕೇಬಲ್‌ಗೆ ಪಿಒಇ ಕರೆಂಟ್ ಸೇರಿಸುವ ಡಬ್ಬಿ) ಕೆಲವು ಆ ತುದಿಯಲ್ಲಿ ಏನಿದೆ ಎಂದು ಕೇಳದೆ 24 ಅಥವಾ 48 ವೋಲ್ಟ್ ತಳ್ಳುತ್ತವೆ. ಆ ಕೇಬಲನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಬೇಡಿ.

ಮಹಡಿ ಮೇಲಿನ ಕೇಬಲ್ ವರ್ಷಕ್ಕೊಮ್ಮೆ ಹೋಗುತ್ತದೆ

ಮನೆಯೊಳಗಿನ ಪಿವಿಸಿ ಸಿಪ್ಪೆಯ ಬೂದು ಅಥವಾ ನೀಲಿ ಕೇಬಲ್ ಬಿಸಿಲಿಗೆ ಆಗಿಬರುವುದಿಲ್ಲ. ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ನೀರು ಇಳಿಯುತ್ತದೆ, ಒಳಗೇ ಹರಿದು ರೂಟರ್ ತನಕ ಬರುತ್ತದೆ. ಹೊರಗೆ ಬೇಕಾದ್ದು ಕಪ್ಪು ಪಿಇ (ಪಾಲಿಎಥಿಲೀನ್) ಸಿಪ್ಪೆಯ ಔಟ್‌ಡೋರ್ ಕೇಬಲ್. ಮನೆಯೊಳಗೆ ನುಗ್ಗುವ ಮುಂಚೆ ಅದನ್ನು ಒಮ್ಮೆ ಕೆಳಗೆ ಇಳಿಸಿ ಮೇಲೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಎರಡು ಕಟ್ಟಡಗಳ ನಡುವೆ, ಮನೆಯಿಂದ ತೋಟದ ಶೆಡ್ಡಿಗೆ, ತಾಮ್ರದ ಕೇಬಲ್ ಎಳೆಯುವುದು ನನಗೆ ಇಷ್ಟವಿಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆ ಕೇಬಲ್‌ನಲ್ಲೇ ಏರುವ ವೋಲ್ಟೇಜ್ ಎರಡೂ ಕಡೆಯ ಉಪಕರಣ ಸುಡುತ್ತದೆ. ಏಪ್ರಿಲ್–ಮೇ ತಿಂಗಳ ಮಳೆಯಲ್ಲಿ ರೂಟರ್ ಕಳೆದುಕೊಂಡವರಿಗೆ ಇದು ಗೊತ್ತು. ಅಲ್ಲಿ ಫೈಬರ್ ಹಾಕಿಸಿ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಮಧ್ಯೆ ತಂತಿ ಅಥವಾ ಲೋಹದ ಪಟ್ಟಿ ಇರುವ ಫೈಬರ್ ಆದರೆ ಆ ಲೋಹವನ್ನು ಒಳಗೆ ತರಬಾರದು. ಕರೆಂಟ್ ಕಂಬ ಹತ್ತಿ ಕೇಬಲ್ ಕಟ್ಟುವ ಸಾಹಸ ಯಾವ ಕಾರಣಕ್ಕೂ ಬೇಡ.

ಹೊಸ ಕೇಬಲ್ ಕೊಳ್ಳಲೇಬೇಕು ಅಂದಾಗ

ಈಗ ನಂಬರ್ ನೋಡೋಣ. ಕ್ಯಾಟ್ 5ಇ, 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಅದೇ ದೂರಕ್ಕೆ 2.5 ಗಿಗಾಬಿಟ್‌ಗೂ ಅದು ಸಾಕು, 2016ರ 802.3ಬಿಝಡ್ ಸ್ಟ್ಯಾಂಡರ್ಡ್ ಮಾಡಿದ್ದೇ ಗೋಡೆಯೊಳಗಿರುವ ಇಂಥ ಹಳೆಯ ಕೇಬಲ್‌ಗಳಿಗಾಗಿ. ಹಾಗಾಗಿ ಮನೆಯಲ್ಲಿ ಈಗಾಗಲೇ ಒಳ್ಳೆಯ 5ಇ ಇದ್ದರೆ ಕೀಳಬೇಡಿ. ಹೊಸದಾಗಿ ಎಳೆಸುತ್ತಿದ್ದರೆ ಕ್ಯಾಟ್ 6 ಹಾಕಿಸಿ. ಅದರಲ್ಲಿ 10 ಗಿಗಾಬಿಟ್ ಸುಮಾರು 55 ಮೀಟರ್‌ವರೆಗೆ ಹೋಗುತ್ತದೆ, ಕೇಬಲ್‌ಗಳು ಕಂತೆ ಕಟ್ಟಿದ್ದರೆ ಇನ್ನೂ ಕಡಿಮೆ. 10 ಗಿಗಾಬಿಟ್ 100 ಮೀಟರ್ ಪೂರ್ತಿ ಬೇಕಾದ ಆಫೀಸಿಗೆ ಕ್ಯಾಟ್ 6ಎ. ಅದು ದಪ್ಪ, ಬಗ್ಗಿಸಲು ಕಷ್ಟ, ಸಾಮಾನ್ಯ ಮನೆಯ ಪೈಪಿನಲ್ಲಿ ಒದ್ದಾಡಿಸುತ್ತದೆ.

ಕ್ಯಾಟ್ 7 ಬಿಡಿ. ಅಮೆರಿಕದ ಟಿಐಎ ಸ್ಟ್ಯಾಂಡರ್ಡ್‌ನಲ್ಲಿ ಅದು ಇಲ್ಲವೇ ಇಲ್ಲ. ಅದರ ಮೂಲ ವಿನ್ಯಾಸದ ಕನೆಕ್ಟರ್ ಕೂಡ ನಾವು ಬಳಸುವ ಎಂಟು ಪಿನ್‌ನ ಆರ್‌ಜೆ45 ಅಲ್ಲ. ಕ್ಯಾಟ್ 8 ನಿಜವಾದ ಸ್ಟ್ಯಾಂಡರ್ಡೇ, ಆದರೆ ಅದು ಡೇಟಾ ಸೆಂಟರ್‌ಗಳಲ್ಲಿ 30 ಮೀಟರ್ ಒಳಗೆ 25 ಮತ್ತು 40 ಗಿಗಾಬಿಟ್ ಓಡಿಸಲು ಮಾಡಿದ್ದು. 300 ಎಂಬಿಪಿಎಸ್ ಮನೆಗೆ ಅದು ಏನೂ ಕೊಡುವುದಿಲ್ಲ.

ತಂತಿಗಳ ಸುತ್ತ ಲೋಹದ ಶೀಲ್ಡ್ ಇರುವ ಕೇಬಲ್ ಲಿಫ್ಟ್ ಮೋಟಾರ್, ದೊಡ್ಡ ಯುಪಿಎಸ್, ಕಾರ್ಖಾನೆ ಯಂತ್ರಗಳ ಹತ್ತಿರ ಮಾತ್ರ. ಅಲ್ಲೂ ಲೋಹದ ಕನೆಕ್ಟರ್ ಹಾಕಿ ಸರಿಯಾಗಿ ಅರ್ಥಿಂಗ್ ಕೊಟ್ಟರೆ ಮಾತ್ರ ಉಪಯೋಗ. ಉಳಿದೆಡೆ ಶೀಲ್ಡ್ ಇಲ್ಲದ ಯುಟಿಪಿ ಸಾಕು.

ಗೋಡೆಯೊಳಗೆ ಒಂಟಿ ಗಟ್ಟಿ ತಂತಿಯ ಸಾಲಿಡ್ ಕೇಬಲ್, ಎರಡೂ ತುದಿಗೆ ಐಒ ಬಾಕ್ಸ್ (ಗೋಡೆಯ ಲ್ಯಾನ್ ಸಾಕೆಟ್). ಅಲ್ಲಿಂದ ಕಂಪ್ಯೂಟರ್‌ಗೆ ಸಣ್ಣ ಎಳೆಗಳ ಮೆತ್ತನೆಯ ಪ್ಯಾಚ್ ಕಾರ್ಡ್. ಸಾಲಿಡ್ ಕೇಬಲನ್ನೇ ನೇರ ಲ್ಯಾಪ್‌ಟಾಪ್‌ಗೆ ತಂದು ದಿನಾ ಬಗ್ಗಿಸಿದರೆ ಮುರಿಯುತ್ತದೆ. ರಿಬ್ಬನ್ ಥರದ ಚಪ್ಪಟೆ ಕೇಬಲ್ ನೋಡಲು ಚೆಂದ, ಒಳಗಿನ ತಂತಿ ಮಾತ್ರ ಕೂದಲೆಳೆ. ಎರಡು ಮೂರು ಮೀಟರ್‌ಗೆ ಪರವಾಗಿಲ್ಲ, ಪಿಒಇಗೆ ಬೇಡ.

ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟು: ಪೂರ್ತಿ ತಾಮ್ರವೇ? 23 ಅಥವಾ 24 ಎಡಬ್ಲ್ಯುಜಿ (ತಂತಿಯ ದಪ್ಪದ ಅಳತೆ) ಎಂದು ಸಿಪ್ಪೆಯ ಮೇಲೆ ಅಚ್ಚಾಗಿದೆಯೇ? 305 ಮೀಟರ್ ಬಾಕ್ಸ್ ಪಕ್ಕದ ಅಂಗಡಿಯ ಅರ್ಧ ಬೆಲೆಗೆ ಸಿಕ್ಕರೆ, ಕೈಯಲ್ಲಿ ಎತ್ತಿ ನೋಡಿದಾಗ ಹಗುರ ಎನಿಸಿದರೆ, ಬ್ಲೇಡು ಕೇಳಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಎರಡೂ ತುದಿ ಹೊಸದಾಗಿ ಕ್ರಿಂಪ್ ಆಗಿ, ಬಣ್ಣದ ಕ್ರಮ ಸರಿ ಇದ್ದು, ತಾಮ್ರವೂ ಆಗಿದ್ದು ಇನ್ನೂ ಲಿಂಕ್ 100ರಲ್ಲೇ ಇದ್ದರೆ ಗೋಡೆಯೊಳಗೆ ಎಲ್ಲೋ ಕಡಿದಿದೆ. ಸ್ಕ್ರೂ ಹೊಡೆಯುವಾಗ ತಗುಲಿರಬಹುದು. ಗೋಡೆ ಒಡೆಯುವ ಮುಂಚೆ ಯೋಚಿಸಿ: ಆ ತುದಿಯಲ್ಲಿ ಟಿವಿ ಅಥವಾ ಪ್ರಿಂಟರ್ ಇದ್ದರೆ 100 ಸಾಕು, ಹಾಗೇ ಬಿಡಿ. ಆಫೀಸಿನಲ್ಲಿ ಹತ್ತಾರು ಪಾಯಿಂಟ್‌ಗೆ ಹೀಗಾದರೆ ಒಂದೊಂದಾಗಿ ಗುದ್ದಾಡಬೇಡಿ. ಪಾಯಿಂಟ್ ಪಾಯಿಂಟ್ ಅಳೆದು ರಿಪೋರ್ಟ್ ಕೊಡುವವರನ್ನು ಕರೆಸಿ, ಫೀಲ್ಡಿನಲ್ಲಿ ಅದನ್ನು ಫ್ಲೂಕ್ ಟೆಸ್ಟ್ ಎನ್ನುತ್ತಾರೆ. ಹೊಸ ಕೆಲಸಕ್ಕೆ ದುಡ್ಡು ಕೊಡುವ ಮುಂಚೆಯೂ ಆ ರಿಪೋರ್ಟ್ ಕೇಳುವುದು ನ್ಯಾಯವೇ. ಕೇಬಲ್ ಸುಟ್ಟ ವಾಸನೆ, ಕನೆಕ್ಟರ್ ಕರಗಿದ ಗುರುತು, ಮುಟ್ಟಿದರೆ ಜುಮ್ ಎನ್ನುವುದು, ಇವು ಯಾವುದಿದ್ದರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಯಾರನ್ನೇ ಕರೆದರೂ ಮೂರು ವಿಷಯ ಬರೆದಿಟ್ಟುಕೊಂಡಿರಿ: ಲಿಂಕ್ ಸ್ಪೀಡ್ ಎಷ್ಟು ತೋರಿಸುತ್ತದೆ, ಬೇರೆ ಕೇಬಲ್ ಹಾಕಿದಾಗ ಏನಾಯಿತು, ಕೇಬಲ್ ಉದ್ದ ಎಷ್ಟು. ಉದ್ದ ಅಳೆಯಲು ಟೇಪ್ ಬೇಡ. ಬಾಕ್ಸ್ ಕೇಬಲ್‌ನ ಸಿಪ್ಪೆಯ ಮೇಲೆ ಮೀಟರ್‌ಗೊಮ್ಮೆ ನಂಬರ್ ಅಚ್ಚಾಗಿರುತ್ತದೆ, ಕೆಲವದರಲ್ಲಿ ಅಡಿ ಲೆಕ್ಕ. ಒಂದು ತುದಿಯಲ್ಲಿ 212, ಇನ್ನೊಂದರಲ್ಲಿ 174 ಇದ್ದರೆ 38 ಮೀಟರ್. ಪ್ಯಾಚ್ ಕಾರ್ಡ್‌ಗಳೂ ಸೇರಿ ಅದು 100 ದಾಟಿದ್ದರೆ ಮಧ್ಯೆ ಒಂದು ಸ್ವಿಚ್ ಬೇಕು, ಇಲ್ಲವೇ ಫೈಬರ್.